ಹಳೆಯ ಸಣ್ಣ ಹಾಯಿದೋಣಿಗಳಲ್ಲಿ ಸಿಂಕ್ ಕೊಳವೆಗಳ ದುರಸ್ತಿ – ದೋಣಿ ಮಾಲೀಕರಿಗೆ ಮಾಹಿತಿ

1. ಪೀಠಿಕೆ

ಸಣ್ಣ ಹಾಯಿದೋಣಿಯ ಸಿಂಕಿನಲ್ಲಿ ಬಳಸಿದ ನೀರು, ದೋಣಿಯ ಒಡಲಿನಲ್ಲಿ ಕೊರೆದ ರಂಧ್ರದ ಮೂಲಕ ನೇರವಾಗಿ ಹೊರಗೆ ಹೋಗುತ್ತದೆ. ಬಹಳಷ್ಟು ದೋಣಿಗಳಲ್ಲಿ ಈ ರಂಧ್ರವು ನೀರಿನ ಮಟ್ಟಕ್ಕಿಂತ ಕೆಳಗಿರುತ್ತದೆ. ರಂಧ್ರಕ್ಕೆ ಜೋಡಿಸಿದ ವಾಲ್ವ್, ಅದರ ಮೇಲಿನ ರಬ್ಬರ್ ಕೊಳವೆ ಮತ್ತು ಅದನ್ನು ಬಿಗಿಹಿಡಿದ ಕ್ಲಿಪ್, ಈ ಮೂರೇ ಹೊರಗಿನ ನೀರನ್ನು ತಡೆದು ನಿಲ್ಲಿಸಿರುತ್ತವೆ.

ಬ್ರಿಟನ್ನಿನಲ್ಲಿ 1969ರಿಂದ 1980ರವರೆಗೆ ತಯಾರಾದ 26 ಅಡಿ ಉದ್ದದ ವೆಸ್ಟರ್ಲಿ ಸೆಂಟಾರ್‌ನಂತಹ ಫೈಬರ್ ಗ್ಲಾಸ್ ದೋಣಿಗಳು ಇಂದಿಗೂ ಬಳಕೆಯಲ್ಲಿವೆ. ಇಂತಹ ದೋಣಿಗಳ ಒಡಲು ದಶಕಗಳ ಕಾಲ ಬಾಳಿದರೂ ಮೇಲೆ ಹೇಳಿದ ಬಿಡಿಭಾಗಗಳು ಅಷ್ಟು ಕಾಲ ಬಾಳುವುದಿಲ್ಲ. ಆದುದರಿಂದ ಸಿಂಕಿನ ದುರಸ್ತಿಯನ್ನು ಸಿಂಕಿನಿಂದಲ್ಲದೆ ಒಡಲಿನ ವಾಲ್ವ್‌ನಿಂದ ಆರಂಭಿಸುವುದು ಅತ್ಯವಶ್ಯಕ.

2. ಅಪಾಯದ ಪ್ರಮಾಣ

ನೀರಿನ ಮಟ್ಟದಿಂದ 30 ಸೆಂ.ಮೀ. ಕೆಳಗಿರುವ 25 ಮಿ.ಮೀ. ವ್ಯಾಸದ ತೆರೆದ ರಂಧ್ರದಿಂದ ನಿಮಿಷಕ್ಕೆ ಸುಮಾರು 40 ಲೀಟರ್, ಅಂದರೆ ಗಂಟೆಗೆ ಸುಮಾರು 2,400 ಲೀಟರ್ ನೀರು ಒಳನುಗ್ಗುತ್ತದೆ. ದೋಣಿಯನ್ನು ಕಟ್ಟಿಹಾಕಿ ಮಾಲೀಕರು ಮನೆಗೆ ಹೋದ ರಾತ್ರಿಯಲ್ಲಿ ಕೊಳವೆ ಕಳಚಿದರೆ ಮುಂಜಾನೆಯ ಹೊತ್ತಿಗೆ ದೋಣಿ ಮುಳುಗಿರಬಹುದು.

3. ಪರಿಶೀಲಿಸಬೇಕಾದ ಅಂಶಗಳು

(ಅ) ಲೋಹ: ಸಾಮಾನ್ಯ ಹಿತ್ತಾಳೆಯು ತಾಮ್ರ ಮತ್ತು ಸತುವಿನ ಮಿಶ್ರಲೋಹ. ಉಪ್ಪುನೀರಿನಲ್ಲಿ ಸತುವು ಕ್ರಮೇಣ ಕರಗಿಹೋಗಿ ಟೊಳ್ಳಾದ ತಾಮ್ರ ಮಾತ್ರ ಉಳಿಯುತ್ತದೆ. ಕೆರೆದು ನೋಡಿದಾಗ ಹಳದಿಯ ಬದಲು ನಸುಗೆಂಪು ಬಣ್ಣ ಕಂಡಲ್ಲಿ ಆ ಭಾಗವನ್ನು ಬದಲಾಯಿಸಬೇಕು. ಹೊರನೋಟಕ್ಕೆ ಗಟ್ಟಿಯಾಗಿ ಕಂಡರೂ ಅದು ಸಣ್ಣ ಪೆಟ್ಟಿಗೆ ಮುರಿಯಬಲ್ಲದು. 1994ರ ಐಎಸ್‌ಒ 9093-1 ಮಾನಕವು ಐದು ವರ್ಷಗಳ ಕಾಲ ದೋಷವಿಲ್ಲದೆ ಉಳಿಯುವ ಲೋಹವನ್ನೇ ತುಕ್ಕು ನಿರೋಧಕವೆಂದು ಪರಿಗಣಿಸಿತ್ತು ಎಂಬುದನ್ನು ಗಮನಿಸುವುದು.

(ಆ) ವಾಲ್ವ್: ಹಳೆಯ ದೋಣಿಗಳಲ್ಲಿ ಕಂಡುಬರುವ ತಿರುಗುಚಕ್ರದ ಗೇಟ್ ವಾಲ್ವ್ ತೆರೆದಿದೆಯೋ ಮುಚ್ಚಿದೆಯೋ ಎಂಬುದು ನೋಡಿದರೆ ತಿಳಿಯುವುದಿಲ್ಲ. ಕಸ ಸಿಕ್ಕಿಕೊಂಡರೆ ಅದು ಪೂರ್ಣವಾಗಿ ಮುಚ್ಚುವುದೂ ಇಲ್ಲ. ಬಾಲ್ ವಾಲ್ವ್‌ನ ಹಿಡಿಯು ಕೊಳವೆಯ ನೇರಕ್ಕಿದ್ದರೆ ತೆರೆದಿದೆ, ಅಡ್ಡಲಾಗಿದ್ದರೆ ಮುಚ್ಚಿದೆ ಎಂದು ತಿಳಿಯಬಹುದು.

(ಇ) ಕೊಳವೆ ಮತ್ತು ಕ್ಲಿಪ್: ಬಿರುಕು ಬಿಟ್ಟ, ಗಡುಸಾದ ಅಥವಾ ಅತಿಯಾಗಿ ಮೆದುವಾದ ಕೊಳವೆಯನ್ನು ಹಾಗೂ ತುಕ್ಕು ಹಿಡಿದ ಕ್ಲಿಪ್‌ಗಳನ್ನು ಉಳಿಸಿಕೊಳ್ಳಬಾರದು.

4. ದುರಸ್ತಿಯ ಕ್ರಮ

(1) ವಾಲ್ವ್ ಮುಚ್ಚಿ ಸಿಂಕಿಗೆ ನೀರು ತುಂಬಿಸುವುದು. ನೀರು ಇಳಿಯದೆ ನಿಂತರೆ ವಾಲ್ವ್ ಹಿಡಿಯುತ್ತಿದೆ ಎಂದರ್ಥ. ಇಳಿಯುತ್ತಿದ್ದರೆ ದೋಣಿ ನೀರಿನಲ್ಲಿರುವಾಗ ಕೊಳವೆಯನ್ನು ಬಿಚ್ಚತಕ್ಕದ್ದಲ್ಲ.

(2) ವಾಲ್ವ್ ಅಥವಾ ಒಡಲಿನ ಫಿಟ್ಟಿಂಗ್ ಬದಲಾಯಿಸುವ ಕೆಲಸವನ್ನು ದೋಣಿಯನ್ನು ದಡಕ್ಕೆ ಎತ್ತಿದ ನಂತರವೇ ಕೈಗೊಳ್ಳತಕ್ಕದ್ದು. ಕಂಚು, ಸತು ಕರಗದ ವಿಶೇಷ ಹಿತ್ತಾಳೆ ಅಥವಾ ದೋಣಿಗಳಿಗೆಂದೇ ತಯಾರಿಸಿದ ಗಾಜುನಾರು ಬಲವರ್ಧಿತ ನೈಲಾನ್ ಭಾಗಗಳನ್ನು ಬಳಸುವುದು. ಎರಡೂ ಭಾಗಗಳ ಮರೆ ಒಂದೇ ಬಗೆಯದಾಗಿರಬೇಕು. ನೇರ ಮರೆಯ ಫಿಟ್ಟಿಂಗ್‌ಗೆ ಮನೆಬಳಕೆಯ ಓರೆ ಮರೆಯ ವಾಲ್ವ್ ಹಾಕಿದರೆ ಕೆಲವೇ ಸುತ್ತುಗಳು ಮಾತ್ರ ಕಚ್ಚಿಕೊಳ್ಳುತ್ತವೆ.

(3) ಹಳೆಯ ಕೊಳವೆ ಜಗ್ಗಿದರೆ ಬಾರದಿದ್ದಲ್ಲಿ ಉದ್ದಕ್ಕೆ ಸೀಳಿ ತೆಗೆಯುವುದು. ಬಲವಾಗಿ ಅಲುಗಾಡಿಸಿದರೆ ಶಿಥಿಲವಾದ ಫಿಟ್ಟಿಂಗ್ ಮುರಿಯುವ ಸಂಭವವಿದೆ.

(4) ದೋಣಿ ಬಳಕೆಗೆ ತಕ್ಕ, ಒಳಪದರದಲ್ಲಿ ನೂಲು ಅಥವಾ ತಂತಿ ಬಲವರ್ಧನೆಯುಳ್ಳ ಕೊಳವೆಯನ್ನೇ ಬಳಸುವುದು. ತೋಟಕ್ಕೆ ನೀರು ಹಾಯಿಸುವ ಪೈಪ್ ಸಲ್ಲದು. ಕೊಳವೆಯ ತುದಿಯನ್ನು ಬಿಸಿನೀರಿನಲ್ಲಿ ಅದ್ದಿದರೆ ಸುಲಭವಾಗಿ ಕೂರುತ್ತದೆ.

(5) ಸಂದು ಸಾಕಷ್ಟು ಉದ್ದವಿದ್ದಲ್ಲಿ ಪ್ರತಿ ತುದಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ನ ಎರಡು ಕ್ಲಿಪ್ ಹಾಕಿ, ಅವುಗಳ ತಿರುಪುಗಳು ಎದುರುಬದುರಾಗಿರುವಂತೆ ಬಿಗಿಯುವುದು.

(6) ಕೊಳವೆಯು ಎಲ್ಲಿಯೂ ತಗ್ಗದೆ ಕೆಳಮುಖವಾಗಿ ಸಾಗುವಂತೆ ಜೋಡಿಸುವುದು. ಮನೆಯ ಸಿಂಕಿನಲ್ಲಿ ಚರಂಡಿಯ ವಾಸನೆ ತಡೆಯಲು ಬೇಕಾದ ಬಾಗು ಕೊಳವೆ ಇಲ್ಲಿ ಅಗತ್ಯವಿಲ್ಲ.

5. ದುರಸ್ತಿಯ ನಂತರ

ದೋಣಿಯನ್ನು ನೀರಿಗಿಳಿಸಿದ ಕೂಡಲೇ ವಾಲ್ವ್ ತೆರೆದು ಪ್ರತಿ ಸಂದಿಗೂ ಒಣ ಕಾಗದ ಒತ್ತಿ ನೋಡುವುದು. ಒಂದು ಗಂಟೆಯ ನಂತರ ಹಾಗೂ ಮರುದಿನ ಮತ್ತೊಮ್ಮೆ ಪರಿಶೀಲಿಸುವುದು. ಪ್ರತಿ ವಾಲ್ವ್‌ನ ಬಳಿ, ರಂಧ್ರದ ಅಳತೆಗೆ ಹೊಂದುವ ಮೃದು ಮರದ ಬಿರಡೆಯೊಂದನ್ನು ದಾರದಿಂದ ಕಟ್ಟಿಡುವುದು.

ಗಾಳಿಗೆ ದೋಣಿ ಒಂದು ಬದಿಗೆ ವಾಲಿದಾಗ ಸಿಂಕ್ ನೀರಿನ ಮಟ್ಟಕ್ಕಿಂತ ಕೆಳಗಿಳಿದು, ಹೊರಗಿನ ನೀರು ಕೊಳವೆಯ ಮೂಲಕ ಹಿಂದಕ್ಕೆ ಏರಿಬರುವುದುಂಟು. ಆದುದರಿಂದ ಯಾನ ಕಾಲದಲ್ಲಿಯೂ ದೋಣಿಯನ್ನು ಬಿಟ್ಟು ಹೋಗುವಾಗಲೂ ವಾಲ್ವ್ ಮುಚ್ಚಿರಬೇಕು.

6. ಅರ್ಜಿದಾರರ ಗಮನಕ್ಕೆ

ಎಂಜಿನ್ ಅಳವಡಿಸಿದ ದೋಣಿಗಳನ್ನು ಒಳನಾಡು ಜಲಮಾರ್ಗಗಳಲ್ಲಿ ಬಳಸಲು 2021ರ ಒಳನಾಡು ಹಡಗುಗಳ ಅಧಿನಿಯಮದ ಮೇರೆಗೆ ಸರ್ವೆ ಮತ್ತು ನೋಂದಣಿ ಅವಶ್ಯವಿರುತ್ತದೆ. ಸರ್ವೆಗೆ ಅರ್ಜಿ ಸಲ್ಲಿಸುವ ಮುನ್ನ ಒಡಲಿನ ಎಲ್ಲಾ ರಂಧ್ರಗಳ ಸ್ಥಾನ, ವಾಲ್ವ್‌ನ ಲೋಹ ಹಾಗೂ ಅಳವಡಿಸಿದ ವರ್ಷವನ್ನು ಪಟ್ಟಿ ಮಾಡಿ ಇಟ್ಟುಕೊಂಡಲ್ಲಿ ಪರಿಶೀಲನೆಗೆ ಅನುಕೂಲವಾಗುತ್ತದೆ. ಹಳೆಯ ದೋಣಿ ಖರೀದಿಸುವವರು ಹಣ ಪಾವತಿಸುವ ಮುನ್ನವೇ ಪ್ರತಿ ವಾಲ್ವ್ ಅನ್ನು ಸ್ವತಃ ತಿರುಗಿಸಿ ನೋಡುವುದು ಸೂಕ್ತ.