ಮಾವಾದ ಟೇಪಿನಿಂದ ಕಾಲಡಿಯ ಪೆಡಲಿಗೆ

ಲೂಪ್ ಪೆಡಲ್ ಎಂಬ ಪುಟ್ಟ ಪೆಟ್ಟಿಗೆಯನ್ನು ನಮ್ಮಲ್ಲಿ ಅನೇಕರು ಮಕ್ಕಳ ಗಿಟಾರಿನ ಪಕ್ಕದಲ್ಲಿ ಕಂಡಿದ್ದೇವೆ. ಒಂದಿಷ್ಟು ನುಡಿಸಿ ಕಾಲಿನಿಂದ ಗುಂಡಿಯನ್ನೊತ್ತಿದರೆ ನುಡಿಸಿದ್ದು ತಾಳದ ಆವರ್ತನದಂತೆ ಮರಳಿ ಮರಳಿ ಬರುತ್ತದೆ. ಅದರ ಮೇಲೆ ಮತ್ತೊಂದು ಪದರವನ್ನು ಸಭಿಕರ ಎದುರಿನಲ್ಲೇ ಸೇರಿಸಬಹುದು. ಧ್ವನಿಯನ್ನು ಹಿಂದುಮುಂದಾಗಿಸುವುದು, ಅರ್ಧ ವೇಗಕ್ಕಿಳಿಸುವುದು, ಹಳೆಯ ಪದರವನ್ನು ಮೆಲ್ಲನೆ ಮಸುಕಾಗಿಸುವುದು ಇದರ ಚಮತ್ಕಾರಗಳು. ಇವೆಲ್ಲ ಗಣಕಯುಗದ ಕೊಡುಗೆಗಳೆಂದು ತೋರಿದರೂ ಇವುಗಳ ಮೂಲ ಇರುವುದು ಟೇಪಿನಲ್ಲಿ ಮತ್ತು ಅದಕ್ಕೂ ಹಿಂದಿನ ಧ್ವನಿತಟ್ಟೆಗಳಲ್ಲಿ. ಆ ಚರಿತ್ರೆಯ ಹಲವು ಅಧ್ಯಾಯಗಳು ನಡೆದದ್ದು ನಾವು ನೆಲೆಸಿರುವ ಈ ಪ್ರದೇಶದಲ್ಲಿಯೇ.

ನ್ಯೂಜೆರ್ಸಿಯ ಬರ್ಗನ್ ಕೌಂಟಿಯ ಮಾವಾದಲ್ಲಿ ದಶಕಗಳ ಕಾಲ ಬಾಳಿದ ಲೆಸ್ ಪಾಲ್ (1915–2009) ಅವರಿಂದಲೇ ಆರಂಭಿಸಬೇಕು. ಅವರ ಹೆಸರಿನ ಗಿಟಾರನ್ನು ಬಲ್ಲವರು ಬಹಳ. ನಮ್ಮ ಅಭಿಪ್ರಾಯದಲ್ಲಿ ಅವರ ಹಿರಿಯ ಸಾಧನೆ ಬೇರೆ. 1948ರ ‘ಲವರ್’ ಧ್ವನಿಮುದ್ರಿಕೆಯಲ್ಲಿ ಹಲವು ಗಿಟಾರುಗಳು ಕೇಳಿಸುತ್ತವೆ, ನುಡಿಸಿದವರು ಅವರೊಬ್ಬರೇ. ಒಂದು ತಟ್ಟೆಯಲ್ಲಿ ಮುದ್ರಿಸಿ, ಅದರೊಡನೆ ನುಡಿಸುತ್ತ ಮತ್ತೊಂದು ತಟ್ಟೆಗಿಳಿಸುವುದು ಅವರ ಕ್ರಮ. ಕೆಲವು ಭಾಗಗಳನ್ನು ಅರ್ಧ ವೇಗದಲ್ಲಿ ಮುದ್ರಿಸಿದ್ದರಿಂದ, ಪೂರ್ಣ ವೇಗದಲ್ಲಿ ಅವು ಒಂದು ಸ್ಥಾಯಿ ಮೇಲೇರಿ, ಬೆರಳಿಗೆ ನಿಲುಕದ ಓಟ ಪಡೆದವು.

ಮುಂದೆ ಗಾಯಕ ಬಿಂಗ್ ಕ್ರಾಸ್ಬಿ ಅವರಿಂದ ಆಂಪೆಕ್ಸ್ ಟೇಪ್ ಯಂತ್ರ ದೊರೆಯಿತು. ಅದಕ್ಕೆ ಇನ್ನೊಂದು ಹೆಡ್ ಜೋಡಿಸಿ, ಹಳೆಯ ಧ್ವನಿಗೆ ಹೊಸದನ್ನು ಬೆರೆಸಿ ಅದೇ ಟೇಪಿನ ಮೇಲೆ ಮತ್ತೆ ಮುದ್ರಿಸಿದರು. ಇದರಲ್ಲಿ ದೊಡ್ಡ ಗಂಡಾಂತರವಿತ್ತು: ಹೊಸದು ಕೂಡಿದಂತೆ ಹಳೆಯ ಮುದ್ರಣ ಅಳಿಯುತ್ತಿತ್ತು. ಹತ್ತನೆಯ ಪದರದಲ್ಲಿ ಬೆರಳು ತಪ್ಪಿದರೆ ಮೊದಲ ಒಂಬತ್ತೂ ಹೋದಂತೆಯೇ. ಇಂದು ಆ ತಪ್ಪನ್ನು ಪೆಡಲಿನ ಒಂದೇ ಒತ್ತು ತೆಗೆದುಹಾಕುತ್ತದೆ. ಪತ್ನಿ ಮೇರಿ ಫೋರ್ಡ್ ಅವರೊಡನೆ ಹೀಗೆ ಪದರಪದರವಾಗಿ ಕಟ್ಟಿದ ‘ಹೌ ಹೈ ದ ಮೂನ್’ 1951ರಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ 9 ವಾರ ಅಗ್ರಸ್ಥಾನದಲ್ಲಿತ್ತು.

ವೇದಿಕೆಯಲ್ಲಿದ್ದವರು ಇಬ್ಬರೇ, ಸಭಿಕರು ನಿರೀಕ್ಷಿಸಿದ್ದು ಆ ಧ್ವನಿಮುದ್ರಿಕೆಯ ತುಂಬುನಾದವನ್ನು. ಅದಕ್ಕೆಂದು ಲೆಸ್ ಪಾಲ್ ಅವರು ಗಿಟಾರಿಗೆ ಒಂದು ಪೆಟ್ಟಿಗೆ ಜೋಡಿಸಿ, ತೆರೆಮರೆಯ ಟೇಪ್ ಯಂತ್ರವನ್ನು ಅದರಿಂದಲೇ ನಡೆಸಿದರು. ‘ಲೆಸ್ ಪಾಲ್ವರೈಜರ್’ ಎಂಬುದು ಅದರ ತಮಾಷೆಯ ಹೆಸರು. ಇದನ್ನು ಲೂಪ್ ಎಂದು ಕರೆಯಲಾಗದು. ಆದರೂ ಯಂತ್ರದ ಲಗಾಮು ವಾದಕನ ಕೈಗೆ ಬಂದದ್ದು ಇಲ್ಲಿ. ಮಾವಾದ ವಸ್ತುಸಂಗ್ರಹಾಲಯದಲ್ಲಿ ಅವರ ಕುರಿತ ಪ್ರದರ್ಶನವಿದೆ.

1952ರ ಅಕ್ಟೋಬರ್ 28ರಂದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಓಟ್ಟೊ ಲ್ಯೂನಿಂಗ್ ಮತ್ತು ವ್ಲಾದಿಮಿರ್ ಉಸಚೆವ್‌ಸ್ಕಿ ಅವರ ಟೇಪ್ ಸಂಗೀತದ ಕಛೇರಿ ನಡೆಯಿತು. ಲ್ಯೂನಿಂಗ್ ಅವರು ಬಳಸಿದ್ದು ತಮ್ಮದೇ ಕೊಳಲಿನ ನಾದ. 1978ರಲ್ಲಿ ಮ್ಯಾನ್‌ಹಟನ್ನಿನ ‘ದ ಕಿಚನ್’ ವೇದಿಕೆಯಲ್ಲಿ ರಾಬರ್ಟ್ ಫ್ರಿಪ್ ಅವರು ಎರಡು ಟೇಪ್ ಯಂತ್ರಗಳ ನಡುವೆ ಒಂದೇ ಟೇಪು ಹರಿಸಿ ಒಬ್ಬರೇ ಗಿಟಾರ್ ನುಡಿಸಿದರು. ಮೊದಲನೆಯದರಲ್ಲಿ ಮುದ್ರಿತವಾದ ನಾದ ಎರಡನೆಯದನ್ನು ತಲಪಲು ಹಿಡಿಯುವ ಸಮಯವೇ ಆವರ್ತನದ ಅಳತೆ. ಪ್ರತಿ ಸುತ್ತಿನಲ್ಲೂ ನಾದ ತುಸು ಮಾಸುತ್ತಿತ್ತು. 1980ರ ದಶಕದಲ್ಲಿ ನ್ಯೂಯಾರ್ಕಿನ ಎಲೆಕ್ಟ್ರೋ-ಹಾರ್ಮೋನಿಕ್ಸ್ ಸಂಸ್ಥೆ 16 ಸೆಕೆಂಡುಗಳಷ್ಟು ಧ್ವನಿಯನ್ನು ಟೇಪಿಲ್ಲದೆ ಹಿಡಿದಿಡುವ ಪೆಟ್ಟಿಗೆಯನ್ನು ತಂದಿತು. ಆಗ ಹೊಬೊಕನ್ನಿನಲ್ಲಿ ವಾಸವಿದ್ದ ಬಿಲ್ ಫ್ರಿಸೆಲ್ ಅವರ ಗಿಟಾರಿಗೆ ಅದು ಒಗ್ಗಿತು.

ನಮ್ಮ ಸಂಗೀತಕ್ಕೆ ಈ ಉಪಾಯಗಳು ಹೊಂದುವುವೇ? ಕೆಲವು ಹೊಂದುತ್ತವೆ. ಮೋಹನದ ಆರೋಹಣ ಅವರೋಹಣಗಳಲ್ಲಿ ಅವೇ ಐದು ಸ್ವರಗಳಿರುವುದರಿಂದ ಹಿಂದುಮುಂದಾಗಿಸಿದರೂ ರಾಗದ ಸ್ವರಗಳು ಕೆಡವು. ಬಿಲಹರಿಯಲ್ಲಿ ಹಾಗಲ್ಲ. ಮಧ್ಯಮ, ನಿಷಾದಗಳು ಅದರ ಅವರೋಹಣಕ್ಕೆ ಮಾತ್ರ ಸಲ್ಲುವಂಥವು. ತಿರುಗಿಸಿದೊಡನೆ ಅವು ಆರೋಹಣದಲ್ಲಿ ನುಸುಳಿ ರಾಗವನ್ನೇ ಕೆಡಿಸುತ್ತವೆ. ಗಮಕಗಳ ಗತಿ ಎರಡರಲ್ಲಿಯೂ ಪ್ರಶ್ನೆಯೇ. ಅರ್ಧ ವೇಗಕ್ಕಿಳಿಸಿದರೆ ಸ್ವರ ಸರಿಯಾಗಿ ಒಂದು ಸ್ಥಾಯಿ ಇಳಿಯುವುದರಿಂದ ಶ್ರುತಿ ಉಳಿಯುತ್ತದೆ. ಆದಿತಾಳದ ಒಂದು ಆವರ್ತನ ಎರಡಾಗಿ ಲೆಕ್ಕವೂ ಕೂಡುತ್ತದೆ. ಗುಂಡಿಯನ್ನು ಒತ್ತುವುದು ಮಾತ್ರ ಸಮಕ್ಕೆ ಸರಿಯಾಗಿರಬೇಕು. ತುಸು ತಡವಾದರೂ ಪ್ರತಿ ಆವರ್ತನವೂ ಕುಂಟುತ್ತದೆ. ತಂಬೂರಿಯ ನಾದವನ್ನು ಪೆಡಲಿಗೆ ಕೊಡದೆ ಪ್ರತ್ಯೇಕವಾಗಿ ಇರಿಸಿಕೊಳ್ಳುವುದು ಲೇಸು.