ಪೊಲೀಸರ ಎದುರು ನಾಗರಿಕರ ಹಕ್ಕುಗಳು: ನವಲಗುಂದ ಸೀಮೆ

ನವಲಗುಂದ ತಾಲ್ಲೂಕಿನ ತಿರ್ಲಾಪುರದ ಸುತ್ತಿನ ರೈತಾಪಿ ಹಳ್ಳಿಗಳಲ್ಲಿ ಪೊಲೀಸ್ ಬಲಪ್ರಯೋಗದ ನೆನಪು ಎರಡು ತಲೆಮಾರಿನದು. 1980ರ ಜುಲೈನಲ್ಲಿ ಮಲಪ್ರಭಾ ಅಚ್ಚುಕಟ್ಟಿನ ಕರಭಾರ ವಿರೋಧಿಸಿ ರೈತರು ಸಿಡಿದೆದ್ದಾಗ ನವಲಗುಂದ, ನರಗುಂದಗಳಲ್ಲಿ ಗೋಲಿಬಾರ್ ನಡೆದು ರೈತರು ಪ್ರಾಣ ಕಳೆದುಕೊಂಡರು. 2016ರ ಜುಲೈ 27ರಂದು ಮಹದಾಯಿ ನದಿ ನೀರಿನ ವಿವಾದದ ನ್ಯಾಯಮಂಡಳಿಯು 7.56 ಟಿಎಂಸಿ ಅಡಿ ನೀರು ಕೋರಿದ ಕರ್ನಾಟಕದ ಮಧ್ಯಂತರ ಬೇಡಿಕೆ ತಿರಸ್ಕರಿಸಿತು. ಅದರ ಬೆನ್ನಲ್ಲೇ ರೈತರ ಪ್ರತಿಭಟನೆ ಭುಗಿಲೆದ್ದಾಗ ಇದೇ ತಾಲ್ಲೂಕಿನ ಯಮನೂರಿನಲ್ಲಿ ಹೆಂಗಸರು, ಮುದುಕರೆನ್ನದೆ ಪೊಲೀಸರು ಲಾಠಿ ಬೀಸಿದ್ದನ್ನು ಇಡೀ ರಾಜ್ಯ ಟಿವಿಯಲ್ಲಿ ಕಂಡಿತು. ಕೆಲವು ಸಿಬ್ಬಂದಿ ಅಮಾನತಾದರು.

ಅಂಥ ಹೊಡೆತಕ್ಕೆ ಯಾವ ಕಾನೂನಿನ ಆಸರೆಯೂ ಇಲ್ಲ. ಬಂಧಿತನ ಮೇಲೂ ಅವನು ತಪ್ಪಿಸಿಕೊಳ್ಳದಂತೆ ತಡೆಯಲು ಬೇಕಾದಷ್ಟೇ ನಿರ್ಬಂಧ ಹೇರಬಹುದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಬಂಧನದ ಕಾರಣವನ್ನು ತಕ್ಷಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬಂಧನ ಪತ್ರಕ್ಕೆ ಮನೆಯವರೊಬ್ಬರ ಅಥವಾ ಊರಿನ ಗಣ್ಯರೊಬ್ಬರ ಸಾಕ್ಷಿ ಸಹಿ ಇರಲೇಬೇಕು. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹಾಕಿಕೊಟ್ಟ ಕಟ್ಟುಪಾಡು ಇದು. ಅಸಾಧಾರಣ ಸಂದರ್ಭ ಬಿಟ್ಟರೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಂಗಸರನ್ನು ಬಂಧಿಸುವಂತಿಲ್ಲ. ಸಾಕ್ಷಿ ಹೇಳಿಸಲು ಅವರನ್ನಾಗಲಿ, 60 ದಾಟಿದವರನ್ನಾಗಲಿ ಠಾಣೆಗೆ ಕರೆಸುವಂತಿಲ್ಲ. ಪೊಲೀಸರೇ ಅವರ ಮನೆಗೆ ಹೋಗಬೇಕು.

ಗಂಭೀರ ಅಪರಾಧದ ದೂರನ್ನು ‘ನಮ್ಮ ಸರಹದ್ದಲ್ಲ’ ಎಂದು ತಳ್ಳಿಹಾಕುವಂತಿಲ್ಲ. ಎಫ್‌ಐಆರ್ ಪ್ರತಿ ಉಚಿತ. ಠಾಣೆ ನಿರಾಕರಿಸಿದರೆ ದೂರನ್ನು ಜಿಲ್ಲಾ ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು, ಆಮೇಲೆ ಮ್ಯಾಜಿಸ್ಟ್ರೇಟರ ಮೊರೆ ಹೋಗಬಹುದು. ಹೆಂಗಸರಿಗೆ, ಪರಿಶಿಷ್ಟರಿಗೆ, ಕಸ್ಟಡಿಯಲ್ಲಿರುವವರಿಗೆ ಉಚಿತ ವಕೀಲರ ನೆರವು ಸಿಗುತ್ತದೆ, ಸಹಾಯವಾಣಿ 15100.