ಗಾಯಗೊಂಡ ಮೃಗದ ಹಿಂದೆ ಹೋದವರು

1909ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷ ಪದವಿಯಿಂದ ಕೆಳಗಿಳಿದ ಥಿಯೊಡೋರ್ ರೂಸ್‌ವೆಲ್ಟ್ ಏಪ್ರಿಲ್ ಮುಗಿಯುವುದರೊಳಗೆ ಪೂರ್ವ ಆಫ್ರಿಕಾದ ಮೊಂಬಾಸಾ ಬಂದರು ತಲುಪಿದ್ದರು. ಜೊತೆಯಲ್ಲಿ ಮಗ ಕರ್ಮಿಟ್ ಮತ್ತು ಸ್ಮಿತ್‌ಸೋನಿಯನ್ ಸಂಸ್ಥೆಗಾಗಿ ಪ್ರಾಣಿಗಳ ಚರ್ಮ, ಎಲುಬು ಸಂಗ್ರಹಿಸಲು ಬಂದ ವಿಜ್ಞಾನಿಗಳಿದ್ದರು. ಬೇಟೆ ರೂಸ್‌ವೆಲ್ಟರಿಗೆ ಹೊಸದಲ್ಲ. ಆದರೆ ಅವರಿಗಾಗಲೇ ಐವತ್ತಾಗಿತ್ತು, ಎಡಗಣ್ಣಿನ ದೃಷ್ಟಿ ಬಹುಪಾಲು ಹೋಗಿತ್ತು, ಸಿಂಹ, ಆನೆ, ಖಡ್ಗಮೃಗಗಳ ಆ ನಾಡನ್ನು ಹಿಂದೆ ಕಂಡಿರಲೂ ಇಲ್ಲ. ಯಾರನ್ನು ನಂಬಿ ಕಾಡಿಗಿಳಿಯಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಅವರು ಹೊರಡುವ ಎಷ್ಟೋ ತಿಂಗಳ ಮೊದಲೇ ಪತ್ರ ಬರೆಯತೊಡಗಿದ್ದರು. ಆಫ್ರಿಕಾದ ಬೇಟೆಯನ್ನು ಬಲ್ಲ ಫ್ರೆಡರಿಕ್ ಸೆಲೂಸ್ ಮತ್ತು ಎಡ್ವರ್ಡ್ ನಾರ್ತ್ ಬಕ್ಸ್‌ಟನ್ ಅವರ ಸಲಹೆಗಾರರು. ಕೊನೆಗೆ ತಂಡದ ಹೊಣೆ ಹೊತ್ತವರು ಗಡ್ಡಧಾರಿ ಬೇಟೆಗಾರ ಆರ್. ಜೆ. ಕನಿಂಗ್‌ಹ್ಯಾಮ್.

ಸಫಾರಿಗಳು ಹೊರಡುತ್ತಿದ್ದ ನೈರೋಬಿಗೆ ಆಗ ಹತ್ತು ವರ್ಷ ವಯಸ್ಸು. ಭಾರತದಿಂದ ಒಯ್ದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳು ಹಾಕಿದ ರೈಲು ಹಳಿಯ ಪಕ್ಕದಲ್ಲಿ 1899ರಲ್ಲಿ ಎದ್ದ ಡೇರೆಗಳ ಊರು ಅದು. ಚಲಾವಣೆಯಲ್ಲಿದ್ದುದು ಭಾರತದ ರೂಪಾಯಿ. 1904ರ ಕ್ರಿಸ್‌ಮಸ್ ಹೊತ್ತಿಗೆ ನಾರ್ಫೋಕ್ ಹೋಟೆಲ್ ತೆರೆಯಿತು. ವಿಕ್ಟರ್ ನ್ಯೂಲ್ಯಾಂಡ್ ಮತ್ತು ಲೆಸ್ಲಿ ಟಾರ್ಲ್‌ಟನ್ ಎಂಬ ಆಸ್ಟ್ರೇಲಿಯನ್ನರು ಡೇರೆ, ದಿನಸಿ, ಹೊರೆಯಾಳುಗಳನ್ನು ಒದಗಿಸುವ ಕಂಪನಿ ನಡೆಸುತ್ತಿದ್ದರು. ರೂಸ್‌ವೆಲ್ಟರ ಸಫಾರಿಯ ಏರ್ಪಾಡೂ ಅವರದೇ, ಟಾರ್ಲ್‌ಟನ್ ಸ್ವತಃ ಕಾಡಿಗೂ ಹೋದರು. ಬೇಟೆಗೆ ಬರುವ ಪರದೇಶದವರಿಗೆ ಸರ್ಕಾರ 50 ಪೌಂಡಿನ ಪರವಾನಗಿ ಗೊತ್ತುಮಾಡಿತ್ತು. ಬೇಟೆ ಆಡಿಸುವವನಿಗೆ ಮಾತ್ರ ಪರೀಕ್ಷೆಯೂ ಇರಲಿಲ್ಲ, ಸಂಘವೂ ಇರಲಿಲ್ಲ. ನಾರ್ಫೋಕ್‌ನ ಜಗುಲಿಯಲ್ಲಿ ಕೂತು ತಾನು ಇಷ್ಟು ಸಿಂಹ ಹೊಡೆದವನೆಂದು ಹೇಳಿಕೊಳ್ಳುವ ಯಾರೂ ಗಿರಾಕಿಯನ್ನು ಹಿಡಿಯಬಹುದಿತ್ತು.

ರೂಸ್‌ವೆಲ್ಟ್ ಮತ್ತು ಮಗ ಸೇರಿ 512 ಪ್ರಾಣಿಗಳನ್ನು ಕೊಂದು ಕ್ಷೇಮವಾಗಿ ಮರಳಿದರು. ಇಂದು ಓದುವಾಗ ಎದೆ ಝಲ್ಲೆನ್ನುವ ಆ ಲೆಕ್ಕ ಅಂದು ಜಾಹೀರಾತಾಯಿತು, ಹಣವಂತರು ನೈರೋಬಿಯ ದಾರಿ ಹಿಡಿದರು. ಅದರ ಜೊತೆಗೇ ಸಾವಿನ ಸುದ್ದಿಗಳೂ ಬಂದವು. 1911ರಲ್ಲಿ ಬ್ರಿಟನ್ನಿನ ವಿದೇಶಾಂಗ ಸಚಿವ ಎಡ್ವರ್ಡ್ ಗ್ರೇ ಅವರ ತಮ್ಮ ಜಾರ್ಜ್ ಗ್ರೇ ಕುದುರೆಯ ಮೇಲೆ ಸಿಂಹವನ್ನು ತೀರ ಹತ್ತಿರದವರೆಗೆ ಅಟ್ಟಿಕೊಂಡು ಹೋಗಿ ಅದರ ಉಗುರಿಗೆ ಸಿಕ್ಕಿ ಪ್ರಾಣ ಬಿಟ್ಟರು. 1914ರಲ್ಲಿ ಫ್ರಿಟ್ಜ್ ಶಿಂಡೆಲರ್ ಎಂಬ ಬೇಟೆಗಾರ ಸಿಂಹಕ್ಕೇ ಬಲಿಯಾದ. ಅವನ ಸವಾರಿಗೂ ಧೈರ್ಯಕ್ಕೂ ಊರೆಲ್ಲ ತಲೆದೂಗುತ್ತಿತ್ತು. ಹಣ ಕೊಟ್ಟು ಹಿಂದೆ ಹೋಗುವವನಿಗೆ ಆ ಧೈರ್ಯದಿಂದ ಯಾವ ರಕ್ಷಣೆಯೂ ಇಲ್ಲವೆಂಬುದು ಇಂಥ ಸಾವುಗಳಿಂದ ಮನವರಿಕೆಯಾಯಿತು.

ಇದಕ್ಕಿಂತ ದೊಡ್ಡ ಆಘಾತ ಕೊಟ್ಟದ್ದು ಜಾನ್ ಹೆನ್ರಿ ಪ್ಯಾಟರ್ಸನ್ ಪ್ರಕರಣ. 1898ರಲ್ಲಿ ತ್ಸಾವೋದಲ್ಲಿ ರೈಲ್ವೆ ಕೂಲಿಗಳನ್ನು ಹೊತ್ತೊಯ್ಯುತ್ತಿದ್ದ ಎರಡು ನರಭಕ್ಷಕ ಸಿಂಹಗಳನ್ನು ಕೊಂದು ಹೆಸರಾದ ಇದೇ ಪ್ಯಾಟರ್ಸನ್ ಮುಂದೆ ಪೂರ್ವ ಆಫ್ರಿಕಾದ ವನ್ಯಮೃಗ ಇಲಾಖೆಯ ಮುಖ್ಯಸ್ಥರಾದರು. ಅವರಿಗಿಂತ ನಂಬಿಕಸ್ಥ ಮತ್ತೊಬ್ಬ ಸಿಗಲಾರ ಎಂದೇ ಎಲ್ಲರೂ ಅಂದುಕೊಂಡಿದ್ದರು. 1908ರಲ್ಲಿ ಅವರು ಆಡ್ಲೀ ಬ್ಲೈತ್ ಎಂಬ ಶ್ರೀಮಂತನನ್ನೂ ಅವನ ಹೆಂಡತಿಯನ್ನೂ ಉತ್ತರದ ಬಯಲಿಗೆ ಕರೆದೊಯ್ದರು. ದಾರಿಯ ಬಿಡಾರದಲ್ಲಿ ಬ್ಲೈತ್ ಗುಂಡೇಟಿನಿಂದ ಸತ್ತ. ಪ್ಯಾಟರ್ಸನ್ ಅವನನ್ನು ಅಲ್ಲೇ ಹೂಳಿಸಿ, ವಿಧವೆಯೊಡನೆ ಪ್ರಯಾಣ ಮುಂದುವರಿಸಿದರು. ಗುಸುಗುಸು ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯಿತು. ಅವರು ತಪ್ಪಿತಸ್ಥರೆಂದು ಯಾರೂ ಸಾಬೀತು ಮಾಡಲಿಲ್ಲ, ಹುದ್ದೆ ಮಾತ್ರ ಉಳಿಯಲಿಲ್ಲ. ಈ ಕತೆ ಬಹುಕಾಲ ನೈರೋಬಿಯಲ್ಲಿ ಬಾಯಿಂದ ಬಾಯಿಗೆ ಓಡಾಡಿತು. ಅಮೆರಿಕದ ಕತೆಗಾರ ಹೆಮಿಂಗ್‌ವೇ 1936ರಲ್ಲಿ ಬರೆದ ಫ್ರಾನ್ಸಿಸ್ ಮಕೋಂಬರನ ಕತೆಯ ಹಿಂದೆ ಇದರ ನೆರಳಿದೆ.

ಹಾಗಾದರೆ ಒಳ್ಳೆಯ ಬೇಟೆಗಾರನನ್ನು ಗುರುತಿಸುತ್ತಿದ್ದುದು ಹೇಗೆ? ಅವನು ಮೊದಲ ದಿನವೇ ಗಿರಾಕಿಯ ಕೈಯಲ್ಲಿ ಗುರಿಹಲಗೆಗೆ ಗುಂಡು ಹೊಡೆಸಿ ನೋಡುತ್ತಿದ್ದ. ಮೊದಲು ಮಾಂಸಕ್ಕೆಂದು ಜಿಂಕೆಯ ಜಾತಿಯ ಪ್ರಾಣಿಯೊಂದನ್ನು ಹೊಡೆಯಲು ಬಿಟ್ಟು ಕೈ ನಡುಗುತ್ತದೆಯೇ, ಅವಸರ ಮಾಡುತ್ತಾನೆಯೇ ಎಂದು ಅಳೆಯುತ್ತಿದ್ದ. ಕಾಡೆಮ್ಮೆಯ ಮುಂದೆ ನಿಂತಾಗ ಹಣ ಕೊಟ್ಟವನಿಗೇ ‘ಬೇಡ, ಹೊಡೆಯಬೇಡಿ’ ಎನ್ನಬಲ್ಲವನಾಗಿರುತ್ತಿದ್ದ. ಹೊಡೆದ ಗುಂಡು ತಪ್ಪಿ ಗಾಯಗೊಂಡ ಮೃಗ ಪೊದೆ ಸೇರಿದರೆ ಅದನ್ನು ಹುಡುಕಿ ಮುಗಿಸುವ ಕೆಲಸ ಅವನದೇ. ಚಿರತೆಯಾದರಂತೂ ಗಿರಾಕಿಯನ್ನು ಹಿಂದೆ ಬಿಟ್ಟು, ತಾನೇ ಕೋವಿ ಹಿಡಿದು ಪೊದೆಗೆ ನುಗ್ಗಬೇಕು.

ಆದರೆ ಆ ಪೊದೆಯೊಳಗೆ ಅವನಿಗಿಂತ ಮುಂದೆ ಇನ್ನೊಬ್ಬನಿರುತ್ತಿದ್ದ. ಕೈಯಲ್ಲಿ ಬಂದೂಕಿಲ್ಲದೆ, ಕಣ್ಣನ್ನು ನೆಲದಲ್ಲೇ ನೆಟ್ಟು ನಡೆಯುವ ಕಂಬ ಅಥವಾ ದೊರೊಬೊ ಜನಾಂಗದ ಜಾಡುಗಾರ. ಹುಲ್ಲೆಸಳಿಗೆ ಅಂಟಿದ ರಕ್ತ ತಿಳಿಗೆಂಪಾಗಿ ನೊರೆಗಟ್ಟಿದ್ದರೆ ಗುಂಡು ಶ್ವಾಸಕೋಶಕ್ಕೆ ತಗುಲಿದೆ, ಪ್ರಾಣಿ ದೂರ ಹೋಗಿರಲಾರದು. ರಕ್ತದಲ್ಲಿ ಜಗಿದ ಹುಲ್ಲಿನ ಹಸಿರು ಕಂಡರೆ ಹೊಟ್ಟೆಗೆ ಬಿದ್ದಿದೆ, ಅದು ಇನ್ನೂ ಬದುಕಿ ಕಾದು ಕೂತಿರಬಹುದು. ಇದನ್ನೆಲ್ಲ ಅವನು ಬಗ್ಗಿ ಬೆರಳಿನಿಂದ ಮುಟ್ಟಿ ನೋಡಿ ಹೇಳುತ್ತಿದ್ದ. ಬಿಳಿಯ ಬೇಟೆಗಾರ ಆ ಮಾತಿನ ಮೇಲೆ ಜೀವ ಪಣಕ್ಕಿಟ್ಟು ಹೆಜ್ಜೆ ಇಡುತ್ತಿದ್ದ. ಗಿರಾಕಿ ಬರೆದ ಪುಸ್ತಕದಲ್ಲಿ ಈ ಜಾಡುಗಾರನಿಗೆ ಹೆಚ್ಚೆಂದರೆ ಒಂದು ಅಡ್ಡಹೆಸರು ಸಿಗುತ್ತಿತ್ತು, ಸಂಬಳವೂ ಬಿಡಿಗಾಸು. ಇಡೀ ಕಸುಬು ಯಾರ ಕಣ್ಣಿನ ಮೇಲೆ ನಿಂತಿತ್ತೋ ಅವರಿಗೇ ಇತಿಹಾಸ ಇಷ್ಟು ಕಡಿಮೆ ಜಾಗ ಕೊಟ್ಟಿರುವುದು ದೊಡ್ಡ ಅನ್ಯಾಯ.

1920ರ ದಶಕದಲ್ಲಿ ಮೋಟಾರು ಕಾರು ಬಂದು ಕಸುಬಿನ ಮರ್ಯಾದೆಯೇ ಕೆಡತೊಡಗಿತು. ಸೆರೆಂಗೆಟಿಯ ಬಯಲಿನಲ್ಲಿ ಕಾರಿನಲ್ಲಿ ಕೂತೇ ಸಿಂಹಗಳನ್ನು ಸಾಲಾಗಿ ಹೊಡೆದುರುಳಿಸುವುದು ಕೆಲವರಿಗೆ ಆಟವಾಯಿತು. ಅದನ್ನು ಖಂಡಿಸಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬರೆದವರಲ್ಲಿ ಬೇಟೆಗಾರ ಡೆನಿಸ್ ಫಿಂಚ್ ಹ್ಯಾಟನ್ ಒಬ್ಬರು. 1928ರಲ್ಲಿ ಬ್ರಿಟನ್ನಿನ ಯುವರಾಜನನ್ನು ಬೇಟೆಗೆ ಕರೆದೊಯ್ದ ಅವರು 1930ರ ಎರಡನೆಯ ಪ್ರವಾಸದಲ್ಲಿ ಅವನನ್ನು ಕ್ಯಾಮೆರಾದ ಕಡೆಗೆ ಒಲಿಸಿದ್ದರು. ಮರುವರ್ಷ ವೋಯ್ ಬಳಿ ವಿಮಾನ ಬಿದ್ದು ತೀರಿಕೊಂಡರು.

ಕಸುಬಿಗೊಂದು ಕಟ್ಟುಪಾಡು ಬೇಕೆಂದು 1934ರಲ್ಲಿ ಅದೇ ನಾರ್ಫೋಕ್ ಹೋಟೆಲಿನಲ್ಲಿ ಪೂರ್ವ ಆಫ್ರಿಕಾ ವೃತ್ತಿಪರ ಬೇಟೆಗಾರರ ಸಂಘ ಹುಟ್ಟಿತು. ಹೆಮಿಂಗ್‌ವೇಯನ್ನು ಕಾಡಿಗೆ ಕರೆದೊಯ್ದಿದ್ದ ಫಿಲಿಪ್ ಪರ್ಸಿವಲ್ ಅಧ್ಯಕ್ಷರಾದರು. ಅಂಜಿಕೆಯೂ ಬೇಡ, ಹುಂಬತನವೂ ಬೇಡ ಎಂಬುದು ಸಂಘದ ಧ್ಯೇಯವಾಕ್ಯ. ಹೊಸಬರು ಹಿರಿಯರ ಕೈಕೆಳಗೆ ಪಳಗಿ ಬರಬೇಕಿತ್ತು. ಮುಂದೆ ದೊಡ್ಡ ಹೆಸರು ಮಾಡಿದ ಹ್ಯಾರಿ ಸೆಲ್ಬಿ ಪಳಗಿದ್ದು ಪರ್ಸಿವಲ್ ಅವರ ಬಳಿಯೇ. ಊರಿಂದಾಚೆಯ ಗಿರಾಕಿಗೆ ಈಗ ಸಂಘದ ಸದಸ್ಯತ್ವವೇ ಒಂದು ಭರವಸೆ. ಆದರೆ ಅದು ಬಿಳಿಯರ ಸಂಘವಾಗಿಯೇ ಹುಟ್ಟಿತು, ಜಾಡುಗಾರನಿಗೆ ಅಲ್ಲಿ ಕುರ್ಚಿ ಇರಲಿಲ್ಲ.

ಕನ್ನಡದ ಓದುಗರಿಗೆ ಪೂರ್ಣಚಂದ್ರ ತೇಜಸ್ವಿಯವರ ಅನುವಾದದಿಂದ ಆಪ್ತರಾದ ಬೇಟೆಗಾರ ಜಿಮ್ ಕಾರ್ಬೆಟ್ ಭಾರತ ಬಿಟ್ಟು ಹೋಗಿ ನೆಲೆಸಿದ್ದು ಇದೇ ಕೀನ್ಯಾದ ನ್ಯೇರಿಯಲ್ಲಿ. 1952ರ ಫೆಬ್ರುವರಿಯಲ್ಲಿ ರಾಜಕುಮಾರಿ ಎಲಿಜಬೆತ್ ಅಲ್ಲಿಗೆ ಸಮೀಪದ ಟ್ರೀಟಾಪ್ಸ್ ಎಂಬ ಮರದ ಮೇಲಿನ ಹೋಟೆಲಿನಲ್ಲಿ ಪ್ರಾಣಿಗಳನ್ನು ನೋಡುತ್ತ ರಾತ್ರಿ ಕಳೆದಾಗ ಕಾವಲಿಗೆ ಜೊತೆಯಾದವರು ಎಪ್ಪತ್ತಾರರ ಕಾರ್ಬೆಟ್. ಗರ್‌ವಾಲಿನ ಕಾಡಿನಲ್ಲಿ ಗಳಿಸಿದ ನಂಬಿಕೆ ಸಮುದ್ರದಾಚೆಗೂ ಬೆಲೆಬಾಳಿತು. ಅದೇ ರಾತ್ರಿ ತಂದೆ ತೀರಿಕೊಂಡು ಎಲಿಜಬೆತ್ ರಾಣಿಯಾದರು.

1950ರ ದಶಕದ ನಡುವಿನಲ್ಲಿ ತ್ಸಾವೋ ರಾಷ್ಟ್ರೀಯ ಉದ್ಯಾನದ ವಾರ್ಡನ್‌ಗಳು ವಿಷದ ಬಾಣದಿಂದ ಆನೆ ಹೊಡೆಯುತ್ತಿದ್ದ ವಲಿಯಂಗುಲು ಬೇಟೆಗಾರರನ್ನು ಹಿಡಿದು ಜೈಲಿಗಟ್ಟಿದರು. ತಲೆಮಾರುಗಳಿಂದ ಬೇಟೆಯಾಡಿದ ನೆಲದಲ್ಲೇ ಅವರು ಕಳ್ಳರೆನಿಸಿಕೊಂಡರು. ಪರವಾನಗಿಯ ಕಾಗದ ಹಿಡಿದು ಅದೇ ಆನೆಯನ್ನು ಕೊಲ್ಲಲು ಬಂದ ಪರದೇಶದವನು ಮಾತ್ರ ಅತಿಥಿ. ವಲಿಯಂಗುಲು ಜನರಿಗೆ ಕಾನೂನಿನೊಳಗೇ ಜೀವನೋಪಾಯ ಒದಗಿಸಲು 1960ರಲ್ಲಿ ಗಲಾನಾ ನದಿಯ ಆಸುಪಾಸಿನಲ್ಲಿ ಸರ್ಕಾರ ಒಂದು ಯೋಜನೆ ತಂದರೂ ಅದು ಬಹುಕಾಲ ಬಾಳಲಿಲ್ಲ.

1977ರ ಮೇ ತಿಂಗಳಲ್ಲಿ ಕೀನ್ಯಾ ಸರ್ಕಾರ ಬೇಟೆಯನ್ನೇ ನಿಷೇಧಿಸಿತು. ನಲವತ್ಮೂರು ವರ್ಷದ ಸಂಘ ಮುಚ್ಚಿತು, ಹಲವು ಬೇಟೆಗಾರರು ಬೇರೆ ದೇಶಗಳಿಗೆ ಹೋದರು, ಉಳಿದವರು ಪ್ರವಾಸಿಗರಿಗೆ ಪ್ರಾಣಿ ತೋರಿಸುವ ಕೆಲಸ ಹಿಡಿದರು. 1996ರಲ್ಲಿ ಅಲ್ಲಿ ಸಫಾರಿ ಗೈಡ್‌ಗಳ ಹೊಸ ಸಂಘವೊಂದು ಶುರುವಾಗಿ ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ಹಂತದ ಪರೀಕ್ಷೆ ತಂದಿತು. ಹೆಜ್ಜೆ ಗುರುತು, ಹಕ್ಕಿಯ ಹೆಸರು, ಗಿಡಮರಗಳ ಜ್ಞಾನವೆಲ್ಲ ಅದರಲ್ಲಿ ಒರೆಗೆ ಹಚ್ಚಲ್ಪಡುತ್ತವೆ. ಇಂದು ಆ ಪರೀಕ್ಷೆ ಬರೆದು ತಮ್ಮದೇ ಹೆಸರಿನ ಬಿಲ್ಲೆ ಎದೆಗೆ ಸಿಕ್ಕಿಸಿಕೊಂಡು ಜೀಪಿನ ಮುಂದಿನ ಸೀಟಿನಲ್ಲಿ ಕೂರುವವರಲ್ಲಿ ಮಸಾಯಿಗಳೂ ಕಂಬರೂ ಇದ್ದಾರೆ.